ವಕೀಲರ ಹೆಸರು ಕೇಳುವ ಮೊದಲು ಕೋರ್ಟಿನ ಹೆಸರು ಕೇಳಿ: ಉತ್ತರ ಕನ್ನಡದವರಿಗೊಂದು ಮಾರ್ಗದರ್ಶಿ

ಜಾಗದ ತಕರಾರು ಎದ್ದ ದಿನ ಸಂಜೆಯೇ ನೆಂಟರಿಷ್ಟರಿಗೆ ಫೋನು ಹೋಗುತ್ತದೆ: ‘ಒಳ್ಳೆ ವಕೀಲರು ಯಾರಾದ್ರೂ ಗೊತ್ತಿದ್ರಾ?’ ಭಾವ ಹುಬ್ಬಳ್ಳಿಯ ಒಬ್ಬರ ಹೆಸರು ಹೇಳುತ್ತಾರೆ, ಸೊಸೈಟಿಯ ಕಾರ್ಯದರ್ಶಿ ಕಾರವಾರದ ಇನ್ನೊಬ್ಬರ ಹೆಸರು ಹೇಳುತ್ತಾರೆ. ಇಬ್ಬರೂ ನಿಜಕ್ಕೂ ಒಳ್ಳೆಯ ವಕೀಲರೇ ಇರಬಹುದು. ಆದರೆ ಹುಬ್ಬಳ್ಳಿಯವರು ಜಾಮೀನು ಅರ್ಜಿಗಳಲ್ಲಿ ಹೆಸರು ಮಾಡಿದವರು, ಕಾರವಾರದವರು ಅಪಘಾತ ಪರಿಹಾರದ ಕೇಸು ನಡೆಸುವವರು, ನಿಮ್ಮ ತಕರಾರು ಸಿದ್ದಾಪುರದ ತೋಟದ ಹಿಸ್ಸೆಯದ್ದು ಎಂದಾದರೆ ಆ ಎರಡೂ ಹೆಸರು ನಿಮ್ಮ ಕೆಲಸಕ್ಕೆ ಬರುವುದಿಲ್ಲ. ವಕೀಲರ ಹುಡುಕಾಟ ಶುರುವಾಗಬೇಕಾದ್ದು ಕೇಸು ಯಾವ ಕಟ್ಟಡದಲ್ಲಿ ನಡೆಯುತ್ತದೆ ಎಂಬಲ್ಲಿಂದ.

1. ಕೇಸು ಎಲ್ಲಿ ನಡೆಯುತ್ತದೆ, ಮೊದಲು ತಿಳಿಯಿರಿ

ಸ್ಥಿರಾಸ್ತಿಯ ದಾವೆ ಆಸ್ತಿ ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹೂಡಬೇಕು. ಅಣ್ಣ ಬೆಂಗಳೂರಿನಲ್ಲಿರಲಿ, ತಂಗಿ ಪುಣೆಯಲ್ಲಿರಲಿ, ತೋಟ ಸಿದ್ದಾಪುರದ್ದಾದರೆ ವಾಟಣಿಯ (ಆಸ್ತಿ ಪಾಲಿನ) ದಾವೆಯೂ ಸಿದ್ದಾಪುರದ್ದೇ. ಚೆಕ್ ಬೌನ್ಸಿನ ಲೆಕ್ಕ ಬೇರೆ. ಶಿವಮೊಗ್ಗದ ವ್ಯಾಪಾರಿ ಕೊಟ್ಟ ಚೆಕ್ಕನ್ನು ನೀವು ಶಿರಸಿಯ ನಿಮ್ಮ ಖಾತೆಗೆ ಹಾಕಿ ಅದು ವಾಪಸು ಬಂದಿದ್ದರೆ, ದೂರು ಕೊಡಬೇಕಾದ್ದು ಶಿರಸಿಯಲ್ಲಿ. ಅಪಘಾತ ಹೊನ್ನಾವರದ ಹೆದ್ದಾರಿಯಲ್ಲಿ ಆಗಿದ್ದರೂ ಗಾಯಾಳು ತಾನು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನಕ್ಕೆ ಅರ್ಜಿ ಹಾಕುವವಳು ಹೆಂಡತಿಯಾದರೆ, ತಾನೀಗ ಇರುವ ತವರೂರಿನ ವ್ಯಾಪ್ತಿಯ ಕೋರ್ಟೇ ಸಾಕು, ಗಂಡನ ಊರಿಗೆ ಅಲೆಯಬೇಕಿಲ್ಲ. ಗ್ರಾಹಕ ವ್ಯಾಜ್ಯ ಕಾರವಾರದ ಜಿಲ್ಲಾ ಆಯೋಗಕ್ಕೆ ಹೋಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಹೆಚ್ಚು ಜನ ದಾರಿ ತಪ್ಪುವುದು ಪಹಣಿಯ ವಿಷಯದಲ್ಲಿ. ಹೆಸರು ತಪ್ಪಾಗಿ ದಾಖಲಾಗಿದೆ, ಮ್ಯುಟೇಶನ್ ಸರಿಯಿಲ್ಲ ಎಂಬ ಮೇಲ್ಮನವಿ ಉಪವಿಭಾಗಾಧಿಕಾರಿಯ ಮುಂದೆ ಹೋಗುತ್ತದೆ. ಕಾರವಾರ, ಕುಮಟಾ, ಶಿರಸಿ, ಭಟ್ಕಳ, ಹೀಗೆ ನಾಲ್ಕು ಉಪವಿಭಾಗಗಳಿವೆ. ಆದರೆ ಜಾಗ ನಿಜವಾಗಿ ಯಾರದ್ದು ಎಂಬ ಹಕ್ಕಿನ ಪ್ರಶ್ನೆ ತೀರ್ಮಾನವಾಗುವುದು ಸಿವಿಲ್ ಕೋರ್ಟಿನಲ್ಲಿ. ಕಂದಾಯ ಕಚೇರಿಗಳಲ್ಲಷ್ಟೇ ಪಳಗಿದವರು ಹಕ್ಕಿನ ತಕರಾರನ್ನೂ ಅಲ್ಲಿಗೇ ಒಯ್ಯುತ್ತಾರೆ. ವರ್ಷಗಟ್ಟಲೆ ತಾರೀಖು ಬಿದ್ದ ಮೇಲೆ ‘ಸಿವಿಲ್ ನ್ಯಾಯಾಲಯಕ್ಕೆ ಹೋಗಿ’ ಎಂಬ ಒಂದು ಸಾಲಿನ ಆದೇಶ ಕೈಗೆ ಬರುತ್ತದೆ. ಅಷ್ಟರಲ್ಲಿ ಎದುರು ಪಾರ್ಟಿ ಬೇಲಿ ಹಾಕಿ, ಅಡಿಕೆ ಸಸಿಯನ್ನೂ ನೆಟ್ಟಿರುತ್ತಾನೆ. ಸಿವಿಲ್ ಕೋರ್ಟಿನ ಬಾಗಿಲನ್ನಷ್ಟೇ ಬಲ್ಲವರು ಮಾಡುವ ಎಡವಟ್ಟು ಇದಕ್ಕೆ ತದ್ವಿರುದ್ಧ: ತಹಶೀಲ್ದಾರರ ಕಚೇರಿಯಲ್ಲಿ ಒಂದು ಅರ್ಜಿಯಿಂದ ಮುಗಿಯುವ ತಿದ್ದುಪಡಿಗೂ ದಾವೆ ಹಾಕಿಸುತ್ತಾರೆ. ಹಾಗಾಗಿ ಜಮೀನಿನ ಕೇಸಿಗೆ ಈ ಎರಡೂ ಮೆಟ್ಟಿಲು ಹತ್ತಿ ಬಲ್ಲವರು ಬೇಕು.

ಅರಣ್ಯದ್ದು ಇನ್ನೂ ಸೂಕ್ಷ್ಮ. ಸೊಪ್ಪಿನ ಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡಿನ ಜಾಗದ) ಹಕ್ಕು, ಅತಿಕ್ರಮಣದ ಕುರಿತು ಅರಣ್ಯ ಇಲಾಖೆ ಕರ್ನಾಟಕ ಅರಣ್ಯ ಕಾಯ್ದೆಯ 64ಎ ಕಲಮಿನಡಿ ಕೊಡುವ ನೋಟಿಸು, 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿ, ಮೂರೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಅರಣ್ಯ ಹಕ್ಕಿನ ಅರ್ಜಿ ಗ್ರಾಮಸಭೆಯಿಂದ ಶುರುವಾಗಿ ಉಪವಿಭಾಗ ಸಮಿತಿ, ಜಿಲ್ಲಾ ಸಮಿತಿ ಎಂದು ಮೇಲೇರುತ್ತದೆ. ಕೆಳಗಿನ ಹಂತದ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲಿನ ಸಮಿತಿಗೆ ಹೋಗಲು 60 ದಿನಗಳ ಅವಕಾಶ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲಿನ ಮೂರು ತಲೆಮಾರಿನ, ಅಂದರೆ 75 ವರ್ಷಗಳ ವಾಸವನ್ನು ತೋರಿಸಬೇಕು. ವಕೀಲರ ಮುಂದೆ ಈ ವಿಷಯ ಎತ್ತಿದಾಗ ಅವರು 75 ವರ್ಷದ ಸಾಕ್ಷ್ಯ ಏನಿದೆ ಎಂದು ತಾವಾಗಿ ಕೇಳಿದರೆ ವಿಷಯ ಗೊತ್ತಿದೆ ಎಂದರ್ಥ. ‘ಹಾಕೋಣ, ನೋಡೋಣ’ ಎಂದಷ್ಟೇ ಹೇಳಿದರೆ ಇನ್ನೊಬ್ಬರನ್ನು ಕಾಣಿ.

ಕರಾವಳಿಯವರಿಗೆ ಇನ್ನೆರಡು ಸಂಗತಿ. ಮನೆ ಅಥವಾ ಜಾಗ ಸಮುದ್ರಕ್ಕೋ ಅಳಿವೆಗೋ ತಾಗಿದ್ದರೆ ಸಿಆರ್‌ಝಡ್ ನಿಯಮ (ಕರಾವಳಿ ನಿಯಂತ್ರಣ ವಲಯದ ನಿರ್ಬಂಧ) ಬಲ್ಲವರನ್ನೇ ಕೇಳಬೇಕು. ಕ್ರಯಪತ್ರ ಎಷ್ಟೇ ಚೊಕ್ಕವಾಗಿದ್ದರೂ ಕಟ್ಟಡಕ್ಕೆ ಅನುಮತಿ ಸಿಗದೆ ಹೋಗಬಹುದು. ಕಾರವಾರ, ಜೋಯಿಡಾ ಕಡೆಯ ಎಷ್ಟೋ ಮನೆತನಗಳಿಗೆ ಗಡಿಯಾಚೆ ಗೋವಾದಲ್ಲಿ ಪಿತ್ರಾರ್ಜಿತ ಇದೆ. ಅಲ್ಲಿಯ ಉತ್ತರಾಧಿಕಾರ ಕಾನೂನಿನ ಬೇರು ಪೋರ್ಚುಗೀಸ್ ನಾಗರಿಕ ಸಂಹಿತೆಯಲ್ಲಿದೆ, ಮೃತರ ಆಸ್ತಿ ಹಂಚಿಕೆ ಇನ್ವೆಂಟರಿ ಎಂಬ ಪ್ರತ್ಯೇಕ ಕಲಾಪದಲ್ಲಿ ನಡೆಯುತ್ತದೆ. ದೇಶದ ಯಾವ ವಕೀಲರೂ ಯಾವ ರಾಜ್ಯದಲ್ಲೂ ವಾದಿಸಬಹುದು ಎಂಬುದು ನಿಜ. ಆದರೂ ಕಾಣಕೋಣದ ಆಸ್ತಿಗೆ ಗೋವಾದ ವಕೀಲರೇ ಸರಿ.

2. ಕೊನೆಯ ದಿನ ಯಾವುದು, ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ವಕೀಲರನ್ನು ಅಳೆದು ತೂಗುವುದಕ್ಕೆ ಎಷ್ಟು ಸಮಯವಿದೆ ಎಂದು ಹೇಳುವುದು ಕೈಯಲ್ಲಿರುವ ಕಾಗದ. ಸಿವಿಲ್ ದಾವೆಯ ಸಮನ್ಸ್ ಬಂದಿದ್ದರೆ 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು, ಕೋರ್ಟು ಒಪ್ಪಿದರೆ 90 ದಿನದವರೆಗೆ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸು ಹೋಗಬೇಕು. ನೋಟಿಸು ತಲುಪಿದ ಮೇಲೆ ಹಣ ಕೊಡಲು 15 ದಿನ. ಅದೂ ಮುಗಿದ ಮೇಲೆ ಒಂದು ತಿಂಗಳಲ್ಲಿ ದೂರು. ಕೈಗಡ ಸಾಲದ ವಸೂಲಿಗೆ ಸಾಮಾನ್ಯವಾಗಿ 3 ವರ್ಷ. ಸಿವಿಲ್ ತೀರ್ಪಿನ ಮೇಲ್ಮನವಿಗೆ ಜಿಲ್ಲಾ ನ್ಯಾಯಾಲಯವಾದರೆ 30 ದಿನ, ಹೈಕೋರ್ಟಾದರೆ 90 ದಿನ. ದೃಢೀಕೃತ ನಕಲು ಪಡೆಯಲು ತಗುಲಿದ ದಿನಗಳನ್ನು ಇದರಿಂದ ಬಿಡಲಾಗುತ್ತದೆ, ಹಾಗಾಗಿ ನಕಲಿಗೆ ತೀರ್ಪಿನ ದಿನವೇ ಅರ್ಜಿ ಕೊಡಿ. ಅರಣ್ಯ ಇಲಾಖೆಯೂ ಸೇರಿದಂತೆ ಸರ್ಕಾರದ ಮೇಲೆ ದಾವೆ ಹೂಡುವುದಿದ್ದರೆ ಎರಡು ತಿಂಗಳ ಮುಂಗಡ ನೋಟಿಸು ಬೇಕು. ತೀರಾ ತುರ್ತಿದ್ದರೆ ಮಾತ್ರ ಕೋರ್ಟಿನ ಅನುಮತಿಯಿಂದ ಅದಿಲ್ಲದೆ ಹೋಗಬಹುದು.

ಗಡುವಿಗೆ ನಾಲ್ಕೇ ದಿನವಿದ್ದರೆ ಅತ್ಯುತ್ತಮರನ್ನು ಹುಡುಕುತ್ತ ಕೂರಬೇಡಿ. ಹತ್ತಿರದ ಅನುಭವಿ ವಕೀಲರಿಂದ ಆ ಒಂದು ಕಾಗದ ಸಲ್ಲಿಸಿ, ಆಮೇಲೆ ಬದಲಿಸಿಕೊಳ್ಳಿ. ಮನೆಯವರನ್ನು ಪೊಲೀಸರು ಕರೆದೊಯ್ದಾಗಲೂ ಇದೇ ಮಾತು. ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಆ ಹೊತ್ತಿಗೆ ಒಬ್ಬ ವಕೀಲರು ಅಲ್ಲಿರುವುದು ಮುಖ್ಯ. ವಿಚಾರಣೆ ಯಾರು ನಡೆಸಬೇಕೆಂಬುದನ್ನು ಮರುವಾರ ಯೋಚಿಸಬಹುದು.

3. ಹೆಸರುಗಳನ್ನು ಕಲೆಹಾಕುವುದು

ವಕೀಲರು ಜಾಹೀರಾತು ಕೊಡುವಂತಿಲ್ಲ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಅವರ ನಾಮಫಲಕದ ಮೇಲೆ ‘ಜಮೀನು ಕೇಸುಗಳ ತಜ್ಞರು’ ಎಂದೋ ‘ವಕೀಲರ ಸಂಘದ ಮಾಜಿ ಅಧ್ಯಕ್ಷರು’ ಎಂದೋ ಬರೆಸುವುದಕ್ಕೂ ಅವಕಾಶವಿಲ್ಲ. ಆದ್ದರಿಂದ ಬೋರ್ಡು ನೋಡಿ ಯಾರು ಯಾವುದರಲ್ಲಿ ಪಳಗಿದವರೆಂದು ತಿಳಿಯುವುದಿಲ್ಲ. ಅಂತರ್ಜಾಲದಲ್ಲಿ ಬರುವ ‘ಹತ್ತು ಅತ್ಯುತ್ತಮ ವಕೀಲರು’ ಎಂಬ ಪಟ್ಟಿಗಳಿಗೂ ಬೆಲೆ ಕೊಡಬೇಕಿಲ್ಲ.

ಕೇಳಬೇಕಾದ್ದು ನಿಮ್ಮಂಥದೇ ಕೇಸನ್ನು ಅದೇ ಕೋರ್ಟಿನಲ್ಲಿ ನಡೆಸಿ ಮುಗಿಸಿದವರನ್ನು. ಗೆದ್ದವರಷ್ಟೇ ಅಲ್ಲ, ಸೋತವರ ಮಾತಿಗೂ ಕಿವಿಗೊಡಿ. ‘ಸೋತರೂ ನಮ್ಮ ವಕೀಲರು ಮೊದಲೇ ಹೇಳಿದ್ದರು’ ಎನ್ನುವ ಕಕ್ಷಿದಾರನ ಶಿಫಾರಸು ತೂಕದ್ದು. ನಿಮ್ಮ ಪರಿಚಯದ ವಕೀಲರು ಬೇರೆ ಕ್ಷೇತ್ರದವರಾಗಿದ್ದರೆ ಅವರನ್ನೇ ಕೇಳಿ: ‘ನಿಮ್ಮ ಮನೆಯದೇ ವಾಟಣಿ ಕೇಸಿದ್ದರೆ ಯಾರ ಕೈಗೆ ಕೊಡುತ್ತಿದ್ದಿರಿ?’ ತಾಲೂಕು ವಕೀಲರ ಸಂಘದ ಕೋಣೆ ಕೋರ್ಟಿನ ಆವರಣದಲ್ಲೇ ಇರುತ್ತದೆ, ಅಲ್ಲಿಯೂ ವಿಚಾರಿಸಬಹುದು.

ಎಲ್ಲಕ್ಕಿಂತ ಒಳ್ಳೆಯ ಉಪಾಯವನ್ನು ಮಾಡುವವರು ಕಡಿಮೆ: ಒಂದು ದಿನ ಕೋರ್ಟಿನಲ್ಲಿ ಹೋಗಿ ಕೂರುವುದು. ಸಾಮಾನ್ಯ ಕೇಸುಗಳ ಕಲಾಪ ತೆರೆದ ಕೋರ್ಟಿನಲ್ಲಿ ನಡೆಯುತ್ತದೆ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತರೆ ಯಾರೂ ಆಕ್ಷೇಪಿಸುವುದಿಲ್ಲ. ಯಾರು ಫೈಲು ಓದಿಕೊಂಡು ಬಂದಿದ್ದಾರೆ, ಯಾರು ಪ್ರತಿ ಕೇಸಿಗೂ ಮುಂದಿನ ತಾರೀಖು ಕೇಳುತ್ತಾರೆ, ಪಾಟೀಸವಾಲಿನಲ್ಲಿ ಯಾರ ಪ್ರಶ್ನೆ ಚಿಕ್ಕದಾಗಿ, ಚೂಪಾಗಿ ಇರುತ್ತದೆ ಎಂಬುದು ಮಧ್ಯಾಹ್ನದ ಊಟದೊಳಗೆ ಗೊತ್ತಾಗುತ್ತದೆ. ಗಟ್ಟಿ ದನಿಗೆ ಮರುಳಾಗಬೇಡಿ. ಸಿವಿಲ್ ಕೇಸಿನಲ್ಲಿ ಗೆಲ್ಲುವುದು ಹೆಚ್ಚಾಗಿ ಬರವಣಿಗೆ ಮತ್ತು ದಾಖಲೆ.

ತಾಲೂಕಿನವರೋ ಹೊರಗಿನವರೋ ಎಂಬ ಪ್ರಶ್ನೆ ಬಂದರೆ, ಜಮೀನಿನ ಕೇಸಿಗೆ ತಾಲೂಕಿನವರ ಕಡೆಗೇ ನಮ್ಮ ಒಲವು. ಉತ್ತರ ಕನ್ನಡ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ಆ ಕಾಲದ ಕೈಬರಹದ ದಾಖಲೆ, ಮೂಲಗೇಣಿ (ಕಾಯಂ ಗೇಣಿ) ಚಾಲಗೇಣಿಯ (ವರ್ಷಾವಧಿ ಗೇಣಿಯ) ಪತ್ರ, ಆಮೇಲೆ ಭೂಸುಧಾರಣೆಯಡಿ ಗೇಣಿದಾರರು ಜಮೀನಿನ ಹಕ್ಕಿಗೆ ಹಾಕಿದ ಫಾರ್ಮ್ 7ರ ಅರ್ಜಿಯ ಮೇಲಿನ ಆದೇಶ, ಇವುಗಳ ಸರಪಳಿ ಓದಬಲ್ಲವರು ಅಲ್ಲಿಯೇ ಸಿಗುತ್ತಾರೆ. ಮಳೆಗಾಲದ ಲೆಕ್ಕವೂ ಇದೆ. ದೇವಿಮನೆ ಘಟ್ಟದಲ್ಲೋ ಅರಬೈಲಿನಲ್ಲೋ ಗುಡ್ಡ ಜರಿದರೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಸಂಪರ್ಕ ಕಡಿಯುತ್ತದೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗ ರಾಷ್ಟ್ರೀಯ ಹೆದ್ದಾರಿ 66ರ ಸಂಚಾರವೇ ನಿಂತಿತ್ತು. ಹೊರಗಿನ ದೊಡ್ಡ ವಕೀಲರು ಸಾಕ್ಷಿ ವಿಚಾರಣೆಯ ದಿನ ಬಾರದೆ ಹೋದರೆ ಎದುರಿಗೆ ನಿಲ್ಲುವವರು ಫೈಲು ಆವತ್ತೇ ಬಿಡಿಸಿದ ಕಿರಿಯರು.

4. ಕಚೇರಿಗೆ ಹೋಗುವ ಮೊದಲು ಮನೆಯಲ್ಲೇ ಪರಿಶೀಲಿಸಿ

ಕಾನೂನು ಪದವಿ ಇದ್ದ ಮಾತ್ರಕ್ಕೆ ಕೋರ್ಟಿನಲ್ಲಿ ವಾದಿಸುವಂತಿಲ್ಲ, 1961ರ ವಕೀಲರ ಕಾಯ್ದೆಯಡಿ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಕರ್ನಾಟಕದ ನೋಂದಣಿ ಸಂಖ್ಯೆಯಲ್ಲಿ ಕೆಎಆರ್ ಎಂಬ ಅಕ್ಷರ, ಕ್ರಮಸಂಖ್ಯೆ, ವರ್ಷ ಇರುತ್ತವೆ. ಆ ವರ್ಷ ನೋಡಿದರೆ ಎಷ್ಟು ಕಾಲದಿಂದ ವೃತ್ತಿಯಲ್ಲಿದ್ದಾರೆ ಎಂಬ ಅಂದಾಜೂ ಸಿಗುತ್ತದೆ. ಸಂಖ್ಯೆ ಕೇಳುವುದು ಅವಮಾನವಲ್ಲ. ವಕಾಲತ್ತಿನ (ನಿಮ್ಮ ಪರ ಕೇಸು ನಡೆಸಲು ವಕೀಲರಿಗೆ ನೀವು ಕೊಡುವ ಅಧಿಕಾರಪತ್ರದ) ಮೇಲೆ ಅದನ್ನು ಹೇಗೂ ಬರೆಯುತ್ತಾರೆ. ತಾಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿಗಳ ಸುತ್ತ ಓಡಾಡುವ ಏಜೆಂಟರು, ಪತ್ರ ಬರಹಗಾರರು ಎಷ್ಟೇ ಅನುಭವಿಗಳಾದರೂ ನಿಮ್ಮ ಪರ ಕೋರ್ಟಿನಲ್ಲಿ ವಕೀಲಿಕೆ ಮಾಡುವ ಅಧಿಕಾರ ಅವರಿಗಿಲ್ಲ. ನೋಂದಣಿಯಿಲ್ಲದೆ ಕೋರ್ಟಿನಲ್ಲಿ ವಕೀಲಿಕೆ ಮಾಡಿದರೆ 6 ತಿಂಗಳವರೆಗೆ ಸಜೆಯಿದೆ.

ನಂತರ ಇ-ಕೋರ್ಟ್ಸ್ ಜಾಲತಾಣ ಅಥವಾ ಆ್ಯಪ್ ತೆರೆಯಿರಿ. ಕೇಸಿನ ಸ್ಥಿತಿ ಎಂಬಲ್ಲಿ ರಾಜ್ಯ, ಜಿಲ್ಲೆ, ಕೋರ್ಟಿನ ಸಂಕೀರ್ಣ ಆರಿಸಿ, ವಕೀಲರ ಹೆಸರಿನಿಂದ ಹುಡುಕಿದರೆ ಅವರು ನಡೆಸುತ್ತಿರುವ ಮತ್ತು ಮುಗಿಸಿದ ಕೇಸುಗಳ ಪಟ್ಟಿ ಬರುತ್ತದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ತೊಡಕಿದೆ: ಹೆಗಡೆ, ಭಟ್ಟ, ನಾಯ್ಕ, ನಾಯಕ, ಗೌಡ ಎಂದು ಹುಡುಕಿದರೆ ಅರ್ಧ ತಾಲೂಕೇ ಬಂದು ನಿಲ್ಲುತ್ತದೆ, ಜೊತೆಗೆ ಇಂಗ್ಲಿಷ್ ಕಾಗುಣಿತ ಒಂದೊಂದು ಕಡೆ ಒಂದೊಂದು ಥರ. ಹೆಸರಿನ ಬದಲು ನೋಂದಣಿ ಸಂಖ್ಯೆಯಿಂದ ಹುಡುಕುವ ಅವಕಾಶವೂ ಅಲ್ಲೇ ಇದೆ, ಅದನ್ನು ಬಳಸಿ. ಪಟ್ಟಿಯಲ್ಲಿ ನೋಡಬೇಕಾದ್ದು ಸೋಲು ಗೆಲುವಿನ ಲೆಕ್ಕವಲ್ಲ, ಅದು ಕೇಸಿನ ಹುರುಳಿನ ಮೇಲೆ ನಿಂತಿರುತ್ತದೆ. ಯಾವ ಬಗೆಯ ಕೇಸು ಹೆಚ್ಚಿವೆ, ಸಾಕ್ಷ್ಯದ ಹಂತ ದಾಟಿ ತೀರ್ಪಿನವರೆಗೆ ನಡೆಸಿದವು ಇವೆಯೇ, ಎಷ್ಟು ಕೇಸು ಗೈರುಹಾಜರಿಯಿಂದ ವಜಾ ಆಗಿವೆ ಎಂಬುದನ್ನು ನೋಡಿ. ಗೈರುಹಾಜರಿ ಪದೇ ಪದೇ ಕಂಡರೆ ಆ ಹೆಸರು ಬಿಡಿ.

5. ಮೊದಲ ಭೇಟಿ

ಹೋಗುವಾಗ ಒಂದು ಹಾಳೆಯಲ್ಲಿ ಇಸವಿವಾರು ಘಟನೆಗಳನ್ನು ಬರೆದುಕೊಂಡು ಹೋಗಿ. ಅಜ್ಜ ಯಾವಾಗ ತೀರಿಕೊಂಡರು, ವಾರಸಾ ಯಾವಾಗ ಆಯಿತು, ಬಾಯಿಮಾತಿನ ವಾಟಣಿ ಯಾವ ವರ್ಷ, ತಕರಾರು ಎಂದಿನಿಂದ. ವಂಶವೃಕ್ಷ ಒಂದು ಬದಿಗೆ. ಜಮೀನಿನ ಕೇಸಾದರೆ ಹಳೆಯ ಮತ್ತು ಈಗಿನ ಪಹಣಿ, ಮ್ಯುಟೇಶನ್ ನಕಲು, ಋಣಭಾರ ಪ್ರಮಾಣಪತ್ರ, ಸರ್ವೆ ನಕ್ಷೆ, ಕ್ರಯ ಅಥವಾ ದಾನಪತ್ರ. ಎಲ್ಲವೂ ಜೆರಾಕ್ಸ್ ಪ್ರತಿ. ಮೂಲಪತ್ರ ಮೊದಲ ಭೇಟಿಯಲ್ಲಿ ಕೈಬಿಡಬೇಡಿ. ಕೋರ್ಟಿಗೆ ಹಾಜರುಪಡಿಸುವ ಕಾಲ ಬಂದಾಗ ಕೊಡಿ, ಕೊಟ್ಟದ್ದರ ಪಟ್ಟಿಗೆ ಸಹಿ ಪಡೆಯಿರಿ.

ಕಥೆ ಶುರುಮಾಡುವ ಮೊದಲು ಎದುರು ಪಾರ್ಟಿಗಳ ಹೆಸರು ಹೇಳಿ, ‘ಇವರ ಪರವಾಗಿ ಈ ವಿಷಯದಲ್ಲಿ ನೀವು ಯಾವಾಗಲಾದರೂ ಸಲಹೆ ಕೊಟ್ಟಿದ್ದೀರಾ?’ ಎಂದು ಕೇಳಿ. ಒಂದೇ ವಿಷಯದಲ್ಲಿ ಒಂದು ಪಕ್ಷಕ್ಕೆ ಸಲಹೆ ಕೊಟ್ಟು ದಾವೆ ಸಿದ್ಧಪಡಿಸಿದವರು ಎದುರು ಪಕ್ಷಕ್ಕೆ ನಿಲ್ಲುವಂತಿಲ್ಲ. ಹಳಿಯಾಳ, ಸಿದ್ದಾಪುರದಂಥ ಚಿಕ್ಕ ಊರುಗಳಲ್ಲಿ ಇದು ದಿನನಿತ್ಯದ ಸಮಸ್ಯೆ. ತಂದೆಯ ಕಾಲದಿಂದ ಬಂದ ಮನೆ ವಕೀಲರು ಅಣ್ಣತಮ್ಮಂದಿರ ವಾಟಣಿಯಲ್ಲಿ ಇಬ್ಬರಿಗೂ ಆಗಲಾರರು. ರಾಜಿ ಮಾಡಿಸುವ ಹಿರಿಯರಾಗಿ ಅವರನ್ನು ಉಳಿಸಿಕೊಂಡು ಕೇಸಿಗೆ ಬೇರೆಯವರನ್ನು ನೋಡುವುದೇ ಮೇಲು.

ಆಮೇಲೆ ಪೂರ್ತಿ ನಿಜ ಹೇಳಿ. ಸಹಿ ನಿಮ್ಮದೇ ಆಗಿದ್ದರೆ ನಿಮ್ಮದೇ ಎನ್ನಿ, ಹಣ ಪಡೆದಿದ್ದರೆ ಪಡೆದೆ ಎನ್ನಿ. ವೃತ್ತಿಯ ನೆಲೆಯಲ್ಲಿ ಹೇಳಿದ್ದನ್ನು ವಕೀಲರು ನಿಮ್ಮ ಒಪ್ಪಿಗೆಯಿಲ್ಲದೆ ಬಹಿರಂಗಪಡಿಸುವಂತಿಲ್ಲ ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೇ ಇದೆ. ಮುಂದೆ ಮಾಡಲಿರುವ ಅಪರಾಧಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ವಕೀಲರಿಗೆ ಹೇಳದೆ ಮುಚ್ಚಿಟ್ಟ ಕಾಗದವನ್ನು ಎದುರಿನವರು ಪಾಟೀಸವಾಲಿನಲ್ಲಿ ತೆಗೆದಾಗ ಎಂಥ ವಕೀಲರೂ ಏನೂ ಮಾಡಲಾರರು.

ಈಗ ನಿಮ್ಮ ಪ್ರಶ್ನೆಗಳು. ನಮ್ಮ ಕೇಸಿನಲ್ಲಿ ದುರ್ಬಲ ಅಂಶ ಯಾವುದು? ಗಡುವು ಯಾವಾಗ ಮುಗಿಯುತ್ತದೆ? ಕೋರ್ಟಿಗೆ ಹೋಗದೆ ಮುಗಿಸುವ ದಾರಿ ಇದೆಯೇ? ಸಾಕ್ಷಿ ವಿಚಾರಣೆಗೆ ನೀವೇ ನಿಲ್ಲುತ್ತೀರಾ, ಕಿರಿಯರು ನಿಲ್ಲುತ್ತಾರಾ? ಈ ನಾಲ್ಕಕ್ಕೆ ನೇರ ಉತ್ತರ ಸಿಕ್ಕರೆ ಮುಂದುವರಿಯಿರಿ. ಮೊದಲನೆಯದೇ ಪರೀಕ್ಷೆಯ ಪ್ರಶ್ನೆ. ದುರ್ಬಲ ಅಂಶವೇ ಇಲ್ಲ ಎನ್ನುವವರು ಒಂದೋ ಕಾಗದ ಓದಿಲ್ಲ, ಇಲ್ಲವೇ ಹೇಳಲು ಮನಸ್ಸಿಲ್ಲ. ಹೆಣ್ಣುಮಕ್ಕಳ ಪಾಲಿನ ಕೇಸಾದರೆ ಇನ್ನೊಂದು ಗಮನಿಸಿ: 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಾಟಣಿ ಆಗಿತ್ತೇ ಎಂದು ವಕೀಲರು ತಾವಾಗಿ ಕೇಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ 2005ರ ತಿದ್ದುಪಡಿ ಬಲ್ಲವರಿಗೆ ಆ ದಿನಾಂಕ ಬಾಯಲ್ಲೇ ಇರುತ್ತದೆ.

ಭಟ್ಕಳ, ಹೊನ್ನಾವರ ಕಡೆಯ ಗಲ್ಫ್ ಉದ್ಯೋಗಿಗಳ ಮನೆಯವರು ಮುಖ್ತ್ಯಾರ್‌ನಾಮೆಯ ವಿಷಯವನ್ನೂ ಎತ್ತಬೇಕು. ವಿದೇಶದಲ್ಲಿ ಭಾರತೀಯ ರಾಯಭಾರ ಕಚೇರಿಯ ಮುಂದೆ ಬರೆದುಕೊಟ್ಟ ಇಂಥ ಅಧಿಕಾರಪತ್ರಕ್ಕೆ (ಪವರ್ ಆಫ್ ಅಟಾರ್ನಿಗೆ), ಅದು ರಾಜ್ಯಕ್ಕೆ ಬಂದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಇದನ್ನು ಮರೆತರೆ ದಂಡ ಬೀಳುತ್ತದೆ, ಕೇಸೂ ಅಲ್ಲೇ ನಿಲ್ಲುತ್ತದೆ.

6. ಕೂಡಲೇ ಎದ್ದು ಬರಬೇಕಾದ ಮಾತುಗಳು

‘ಗೆದ್ದೇ ಗೆಲ್ಲುತ್ತೀರಿ, ಬರೆದುಕೊಡುತ್ತೇನೆ.’ ‘ಸಾಹೇಬರು ನಮಗೆ ಬೇಕಾದವರು, ಸ್ವಲ್ಪ ಮೇಲೆ ಕೊಡಬೇಕಾಗುತ್ತದೆ.’ ‘ಈಗ ಫೀಸು ಬೇಡ, ಪರಿಹಾರ ಬಂದಾಗ ಇಷ್ಟು ಪರ್ಸೆಂಟ್ ಕೊಡಿ.’ ಈ ಕೊನೆಯದು ದಯೆಯಂತೆ ಕೇಳುತ್ತದೆ, ಅಪಘಾತದ ಮತ್ತು ಭೂಸ್ವಾಧೀನ ಪರಿಹಾರದ ಕೇಸುಗಳಲ್ಲಿ ಹೆಚ್ಚು ಕೇಳಿಬರುತ್ತದೆ. ಫಲಿತಾಂಶದ ಮೇಲೆ ಫೀಸು ಗೊತ್ತುಮಾಡುವುದು, ಬಂದ ಹಣದಲ್ಲಿ ಪಾಲು ಪಡೆಯುವುದು ಭಾರತದ ವಕೀಲರಿಗೆ ನಿಷಿದ್ಧ. ಖಾಲಿ ಹಾಳೆಗೆ, ಖಾಲಿ ಛಾಪಾ ಕಾಗದಕ್ಕೆ ಸಹಿ ಕೇಳಿದರೂ ಎದ್ದು ಬನ್ನಿ.

7. ಫೀಸು

ಇಷ್ಟೇ ಎಂಬ ದರಪಟ್ಟಿ ಎಲ್ಲೂ ಇಲ್ಲ. ಕೇಸಿನ ಗಾತ್ರ, ವಕೀಲರ ಹಿರಿತನದ ಮೇಲೆ ಬದಲಾಗುತ್ತದೆ, ಹಾಗಾಗಿ ಇಬ್ಬರು ಮೂವರನ್ನು ಕೇಳಿ ಹೋಲಿಸುವುದರಲ್ಲಿ ತಪ್ಪಿಲ್ಲ. ಜಗಳ ಬರುವುದು ಮೊತ್ತದ ಮೇಲಲ್ಲ, ಆ ಮೊತ್ತದಲ್ಲಿ ಏನೇನು ಸೇರಿದೆ ಎಂಬುದರ ಮೇಲೆ. ಸಿವಿಲ್ ದಾವೆಯೆಂದರೆ ದಾವಾಪತ್ರ, ಮಧ್ಯಂತರ ತಡೆಯಾಜ್ಞೆಯ ಅರ್ಜಿ, ವಿವಾದಾಂಶ, ಸಾಕ್ಷ್ಯ, ಪಾಟೀಸವಾಲು, ವಾದ, ತೀರ್ಪು. ವಾಟಣಿ ದಾವೆಯಲ್ಲಿ ಇದು ಇಷ್ಟಕ್ಕೇ ಮುಗಿಯುವುದಿಲ್ಲ. ಮೊದಲು ಬರುವ ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಪಾಲು ಎಂದಷ್ಟೇ ಹೇಳುತ್ತದೆ. ಯಾವ ತುಂಡು ಯಾರಿಗೆ ಎಂಬುದಕ್ಕೆ ಅಂತಿಮ ಡಿಕ್ರಿಯ ಕಲಾಪ ಬೇರೆ, ಕಂದಾಯದ ಜಮೀನನ್ನು ಅಳೆದು ಭಾಗ ಮಾಡುವ ಕೆಲಸ ಜಿಲ್ಲಾಧಿಕಾರಿ ಅಥವಾ ಅವರ ಅಧೀನ ಅಧಿಕಾರಿಯ ಮೂಲಕ. ಸ್ವಾಧೀನ ಬಿಡದಿದ್ದರೆ ಅಮಲ್ಜಾರಿ (ಡಿಕ್ರಿ ಜಾರಿಯ) ಅರ್ಜಿ ಮತ್ತೊಂದು. ಪ್ರಾಥಮಿಕ ಡಿಕ್ರಿ ಬಂದಾಗ ಮನೆಯಲ್ಲಿ ಸಿಹಿ ಹಂಚಿ, ಇನ್ನೂ ಅರ್ಧ ದಾರಿಯಿದೆ ಎಂದು ಎರಡು ವರ್ಷ ಬಿಟ್ಟು ತಿಳಿದವರು ನಮ್ಮಲ್ಲಿ ಬಹಳ. ಆದ್ದರಿಂದ ‘ಈ ಫೀಸು ಎಲ್ಲಿಯವರೆಗೆ?’ ಎಂದು ಕೇಳಿ, ಉತ್ತರವನ್ನು ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಹಂತಹಂತವಾಗಿ ಕೊಡುವ ಒಪ್ಪಂದ ಮಾಡಿಕೊಳ್ಳಿ.

ಕೋರ್ಟು ಶುಲ್ಕ, ಸಮನ್ಸ್ ಜಾರಿಯ ಶುಲ್ಕ, ಕೋರ್ಟ್ ಕಮಿಷನರ ಭತ್ಯೆ, ನಕಲು, ಟೈಪಿಂಗ್, ಇವು ಫೀಸಿನ ಹೊರಗಿನ ಖರ್ಚು. ಪ್ರತಿಯೊಂದಕ್ಕೂ ಚೀಟಿ ಕೇಳಿ, ಹಣವನ್ನು ಖಾತೆಗೇ ಹಾಕಿ. ವ್ಯಾಪಾರ ಸಂಸ್ಥೆಯಲ್ಲದ ಸಾಮಾನ್ಯ ಕಕ್ಷಿದಾರನಿಗೆ ವಕೀಲರ ಸೇವೆಯ ಮೇಲೆ ಜಿಎಸ್‌ಟಿ ಇಲ್ಲ. ಅದನ್ನು ಸೇರಿಸಿದ ಬಿಲ್ಲು ಬಂದರೆ ವಿಚಾರಿಸಿ.

ಹಣವಿಲ್ಲದವರಿಗೆ ದಾರಿಯಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ದೊಡ್ಡ ವಿಕೋಪದ ಸಂತ್ರಸ್ತರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯದ ಮಿತಿ ಇದೆ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲೂಕು ಕೋರ್ಟುಗಳಲ್ಲಿ ತಾಲೂಕು ಸಮಿತಿ. ಸಹಾಯವಾಣಿ 15100. ಉಚಿತವೆಂದರೆ ಕಳಪೆ ಎಂಬ ಭಾವನೆ ಬೇಡ, ಅದೇ ಕೋರ್ಟಿನಲ್ಲಿ ಖಾಸಗಿಯಾಗಿ ಕೇಸು ನಡೆಸುವವರೂ ಆ ಪಟ್ಟಿಯಲ್ಲಿರುತ್ತಾರೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ವಾಪಸು ಬರುತ್ತದೆ. ಆದರೆ ಅಲ್ಲಿಯ ಆದೇಶಕ್ಕೆ ಮೇಲ್ಮನವಿ ಇಲ್ಲ, ಆದ್ದರಿಂದ ರಾಜಿಪತ್ರ ಪೂರ್ತಿ ಓದದೆ ಸಹಿ ಹಾಕಬೇಡಿ.

ವಕೀಲರೇ ಬೇಡದ ಕೆಲಸಗಳೂ ಇವೆ. ಗ್ರಾಹಕ ಆಯೋಗದಲ್ಲಿ ನೀವೇ ವಾದಿಸಬಹುದು, ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೂ ಇಲ್ಲ. ಮಕ್ಕಳು ನೋಡಿಕೊಳ್ಳದ ವೃದ್ಧರು ಜೀವನಾಂಶಕ್ಕೆ ಉಪವಿಭಾಗಾಧಿಕಾರಿಯ ಮುಂದೆ ಸ್ವತಃ ಅರ್ಜಿ ಕೊಡಬಹುದು.

8. ವಕಾಲತ್ತಿಗೆ ಸಹಿ ಹಾಕಿದ ಮೇಲೆ

ವಕಾಲತ್ತು ಓದಿ ಸಹಿ ಮಾಡಿ. ರಾಜಿ ಮಾಡಿಕೊಳ್ಳುವ, ದಾವೆ ಹಿಂತೆಗೆಯುವ, ಹಣ ಪಡೆಯುವ ಅಧಿಕಾರವನ್ನು ಅಚ್ಚಾದ ನಮೂನೆಯಲ್ಲೇ ಸೇರಿಸಿರುತ್ತಾರೆ. ನಿಮ್ಮನ್ನು ಕೇಳದೆ ಇವು ಆಗಬಾರದೆಂದಿದ್ದರೆ ಆಗಲೇ ಹೇಳಿ, ಆ ಸಾಲು ಹೊಡೆಸಿ. ಕೇಸು ದಾಖಲಾದ ದಿನವೇ 16 ಅಕ್ಷರಗಳ ಸಿಎನ್ಆರ್ ಸಂಖ್ಯೆ (ಪ್ರತಿ ಕೇಸಿಗೂ ಸಿಗುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು, ಹಿಂದಿನ ದಿನ ಏನಾಯಿತು ಎಲ್ಲ ಕಾಣುತ್ತದೆ. ಗುಮಾಸ್ತರಿಗೆ ಹತ್ತು ಸಲ ಫೋನು ಮಾಡುವ ಕಷ್ಟ ತಪ್ಪುತ್ತದೆ. ಸಲ್ಲಿಸಿದ ಪ್ರತಿ ಕಾಗದದ ಒಂದು ನಕಲು ಮನೆಯ ಫೈಲಿನಲ್ಲಿರಲಿ. ವಕೀಲರನ್ನು ಬದಲಿಸುವ ದಿನ ಬಂದರೆ ಈ ಫೈಲೇ ಕೈಹಿಡಿಯುತ್ತದೆ.

ಬದಲಿಸುವುದು ಹೇಗೆ? ಮೊದಲಿನವರ ಒಪ್ಪಿಗೆ ಬರೆಹದಲ್ಲಿ ಪಡೆಯಿರಿ. ಕೊಡದಿದ್ದರೆ ಹೊಸ ವಕೀಲರು ಕೋರ್ಟಿನ ಅನುಮತಿ ಕೇಳಬಹುದು. ಫೀಸು ಬಾಕಿಯೆಂದು ಫೈಲು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲ, 2000ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿದೆ. ಬಾಕಿ ವಸೂಲಿಗೆ ಅವರು ಬೇರೆ ದಾರಿ ಹಿಡಿಯಬೇಕು. ಕೊಡಬೇಕಾದ್ದನ್ನು ನೀವು ಕೊಟ್ಟುಬಿಡುವುದೂ ನ್ಯಾಯವೇ.

ಹಣ ನುಂಗಿದರು, ಎದುರಿನವರ ಜೊತೆ ಸೇರಿದರು, ಹೇಳದೆ ಕೇಸು ವಜಾ ಮಾಡಿಸಿದರು ಎಂಬ ಗಂಭೀರ ದೂರಿದ್ದರೆ ಗ್ರಾಹಕ ಆಯೋಗಕ್ಕೆ ಹೋಗಿ ಫಲವಿಲ್ಲ. ವಕೀಲರ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ಹೇಳಿದೆ. ದೂರು ಹೋಗಬೇಕಾದ್ದು ಬೆಂಗಳೂರಿನ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ, ವಕೀಲರ ಕಾಯ್ದೆಯ 35ನೇ ಕಲಮಿನಡಿ, ದಾಖಲೆ ಸಮೇತ. ಶಿಸ್ತು ಸಮಿತಿ ಛೀಮಾರಿ ಹಾಕಬಹುದು, ಸನ್ನದು (ವಕೀಲಿಕೆಯ ಪರವಾನಗಿ) ಅಮಾನತಿನಲ್ಲಿಡಬಹುದು, ತೆಗೆದೇ ಹಾಕಬಹುದು. ಒಂದು ವರ್ಷದೊಳಗೆ ಅಲ್ಲಿ ಇತ್ಯರ್ಥವಾಗದಿದ್ದರೆ ದೂರು ಭಾರತೀಯ ವಕೀಲರ ಪರಿಷತ್ತಿಗೆ ವರ್ಗವಾಗುತ್ತದೆ. ಕೇಸು ಸೋತದ್ದೊಂದೇ ದೂರಿಗೆ ಕಾರಣವಾಗುವುದಿಲ್ಲ.

9. ಧಾರವಾಡಕ್ಕೆ ಹೋಗಬೇಕಾದಾಗ

ಉತ್ತರ ಕನ್ನಡದ ಕೇಸುಗಳು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗುತ್ತವೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾದ ಅದು 2013ರಲ್ಲಿ ಕಾಯಂ ಆಯಿತು. ತಾಲೂಕಿನ ನಿಮ್ಮ ವಕೀಲರು ಒಂದು ಹೆಸರು ಸೂಚಿಸುತ್ತಾರೆ. ಅದನ್ನೂ ಮೇಲಿನ ಕ್ರಮದಲ್ಲೇ ಪರಿಶೀಲಿಸಿ, ಏಕೆಂದರೆ ಮೇಲ್ಮನವಿಯ ಕೆಲಸ ಸಾಕ್ಷಿ ವಿಚಾರಣೆಯ ಕೆಲಸಕ್ಕಿಂತ ಬೇರೆ. ಹಿರಿಯ ವಕೀಲರೆಂದು ಹೈಕೋರ್ಟು ಮಾನ್ಯ ಮಾಡಿದವರು ತಾವೇ ವಕಾಲತ್ತು ಹಾಕುವಂತಿಲ್ಲ, ಇನ್ನೊಬ್ಬ ವಕೀಲರ ಮೂಲಕವೇ ನೇಮಿಸಿಕೊಳ್ಳಬೇಕು, ಅಂದರೆ ಎರಡು ಫೀಸು. ಎಲ್ಲ ಕೇಸಿಗೂ ಅಂಥವರು ಬೇಕಾಗುವುದಿಲ್ಲ. ಧಾರವಾಡಕ್ಕೆ ಹೊರಡುವ ಮೊದಲು ಕೆಳಗಿನ ಕೋರ್ಟಿನ ತೀರ್ಪು, ಡಿಕ್ರಿ, ಸಾಕ್ಷಿ ಹೇಳಿಕೆ, ಗುರುತು ಮಾಡಿದ ದಾಖಲೆಗಳ ನಕಲನ್ನು ಕ್ರಮವಾಗಿ ಜೋಡಿಸಿ, ತಾಲೂಕಿನ ವಕೀಲರಿಂದ ಎರಡು ಪುಟದ ಟಿಪ್ಪಣಿ ಬರೆಸಿಕೊಂಡು ಹೋಗಿ. ಯಾವ ಸಾಕ್ಷಿ ಎಲ್ಲಿ ತಡವರಿಸಿದ, ಯಾವ ದಾಖಲೆಗೆ ಆಕ್ಷೇಪಣೆ ಎತ್ತಿದ್ದರು ಎಂಬುದು ಕೆಳಗೆ ಕೇಸು ನಡೆಸಿದವರಿಗಷ್ಟೇ ನೆನಪಿರುತ್ತದೆ.